ನೀರು ತುಂಬೋ ಹಬ್ಬದ ವಾರದಲ್ಲೇ ಮೀನು ಯಾಕೆ ಸಾಯ್ತವೆ?

ಈ ಸಲ ಕೋಡ್ ಇಲ್ಲ, ಇಂಟರ್‌ವ್ಯೂ ಟಿಪ್ಸ್ ಇಲ್ಲ. ಮೀನು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಬ್ಲೂ ಲೈನ್‌ನಲ್ಲಿ ನಿಂತ್ಕೊಂಡೇ ಓದೋರಿಗಾಗಿ ಮಾತನ್ನ ಬರಹಕ್ಕೆ ಇಳಿಸಿದ್ದೀನಿ. ಮಾತಲ್ಲಿ ಬೇಗ ಓಡಿಸಿದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಲಕ್ಷ್ಮೀ ನಗರ ನೋಡಿದೋರಿಗೆ ಗೊತ್ತು, ಇಲ್ಲಿ ಗಿಡ ನೆಡೋಕೇ ಜಾಗ ಇಲ್ಲ, ಇನ್ನು ಕೊಳ ಎಲ್ಲಿಂದ ಬರ್ಬೇಕು? ಆದ್ರೂ ನಾಲ್ಕನೇ ಮಹಡಿಯ ಟೆರೇಸ್ ಮೇಲೆ ಒಂದು ಸಿಮೆಂಟ್ ತೊಟ್ಟಿ, ಇಲ್ಲಾಂದ್ರೆ ಅರ್ಧಕ್ಕೆ ಕೊಯ್ದ ಪ್ಲಾಸ್ಟಿಕ್ ಟ್ಯಾಂಕು, ಅದರಲ್ಲಿ ಒಂದು ತಾವರೆ ಬಳ್ಳಿ, ಆರೇಳು ಗೋಲ್ಡ್‌ಫಿಶ್ಶೋ ಕೊಯ್ ಮೀನೋ ಇಟ್ಕೊಂಡಿರೋ ಮನೆಗಳು ಸಾಕಷ್ಟಿವೆ. ಊರಲ್ಲಿ ಬಾವಿಗೆ ಮೀನು ಬಿಟ್ಟು ಬೆಳೆದೋರಿಗೆ ಇದೊಂದು ಸಮಾಧಾನ. ಮಕ್ಕಳಿಗಂತೂ ಪ್ರತಿ ಮೀನಿಗೂ ಒಂದು ಹೆಸರಿರುತ್ತೆ. ಹೆಸರಿರೋ ಮೀನು ಸತ್ತಾಗ ಮನೆಯಲ್ಲಿ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ.

ದಸರಾ ಮುಗಿದು ದೀಪಾವಳಿ ಹತ್ತಿರ ಬರ್ತಿದ್ದ ಹಾಗೆ ನನಗೆ ಒಂದೇ ಥರದ ಪ್ರಶ್ನೆ ಬರೋಕೆ ಶುರುವಾಗುತ್ತೆ. ಚೆನ್ನಾಗಿದ್ದ ಮೀನು, ಹಬ್ಬಕ್ಕೆ ಅಂತ ತೊಟ್ಟಿ ತೊಳೆದು ಹೊಸ ನೀರು ತುಂಬಿಸಿದ್ವಿ, ಮಾರನೇ ದಿನ ಮೂರು ಸತ್ತಿವೆ, ಉಳಿದವು ಮೇಲೆ ಬಂದು ಬಾಯಿ ಬಿಡ್ತಿವೆ, ಯಾವ ಔಷಧಿ ಹಾಕ್ಲಿ ಸರ್? ಅಂಗಡಿಯವನು ನೀಲಿ ಬಾಟಲಿ ಕೊಟ್ಟಿದ್ದಾನೆ, ಹಾಕ್ಲಾ?

ಹಾಕ್ಬೇಡಿ. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡೋದು ಹೇಗೋ ಇದೂ ಹಾಗೆ. ಮೊದಲು ಒಂದು ವಿಷಯ ನೋಡಿ: ಎಲ್ಲಾ ಮೀನುಗಳೂ ಒಂದೇ ದಿನ, ಒಂದೇ ಥರ ನರಳ್ತಿವೆಯಾ? ಹಾಗಿದ್ರೆ ತೊಂದರೆ ಹೆಚ್ಚುಕಮ್ಮಿ ನೀರಲ್ಲೇ ಇದೆ. ಇವತ್ತು ಒಂದು, ಮೂರು ದಿನ ಬಿಟ್ಟು ಇನ್ನೊಂದು, ಹೀಗೆ ಹಬ್ಬಿದ್ರೆ ಆಗ ರೋಗದ ಬಗ್ಗೆ ಯೋಚಿಸಬಹುದು. ಸೋಂಕು ಒಂದು ಮೀನಿಂದ ಇನ್ನೊಂದಕ್ಕೆ ಹರಡೋಕೆ ಸಮಯ ಬೇಕು. ಕೆಟ್ಟ ನೀರಿಗೆ ಆ ಸಮಯ ಬೇಡ, ಅದು ಎಲ್ಲರನ್ನೂ ಒಟ್ಟಿಗೆ ಮುಟ್ಟುತ್ತೆ.

ಹಾಗಾದ್ರೆ ಹೊಸ ನೀರು ತುಂಬಿಸಿದ್ದೇ ತಪ್ಪಾ? ನಮ್ಮ ಕಡೆ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬೋ ಹಬ್ಬ. ಹಂಡೆ ಉಜ್ಜಿ, ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬಿ ಪೂಜೆ ಮಾಡ್ತೀವಿ. ಹಂಡೆಗೆ ಅದು ಸರಿ. ಮೀನಿನ ತೊಟ್ಟಿಗೆ ಅದೇ ಕೆಲಸ ಮಾಡಿದ್ರೆ ಒಟ್ಟಿಗೆ ಎರಡು ಹೊಡೆತ ಬೀಳುತ್ತೆ. ಒಂದು ತೊಟ್ಟಿಯ ಒಳಗಿನದು. ಇನ್ನೊಂದು ಹೊರಗಿನದು, ಅದಕ್ಕೂ ನಮ್ಮ ಪೂರ್ವ ದೆಹಲಿಗೂ ಒಂದು ವಿಶೇಷ ಸಂಬಂಧ ಇದೆ.

ಒಳಗಿನದು ಮೊದಲು. ಮೀನು ತನ್ನ ಕಿವಿರಿನ ಮೂಲಕವೇ ಅಮೋನಿಯಾ ಹೊರಗೆ ಬಿಡುತ್ತೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ ಎಲ್ಲವೂ ಕೊನೆಗೆ ಅಮೋನಿಯಾನೇ. ಅದನ್ನ ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡ್ತವೆ, ಇನ್ನೊಂದು ಗುಂಪು ಆ ನೈಟ್ರೈಟನ್ನ ನೈಟ್ರೇಟ್ ಮಾಡ್ತವೆ. ಮೊದಲ ಎರಡೂ ವಿಷ, ಮೂರನೆಯದು ಬಹಳ ಕಡಿಮೆ ಅಪಾಯ. ಈ ಬ್ಯಾಕ್ಟೀರಿಯಾ ಇರೋದು ನೀರಲ್ಲಿ ತೇಲ್ತಾ ಅಲ್ಲ. ತೊಟ್ಟಿ ಗೋಡೆಯ ಲೋಳೆಯಲ್ಲಿ, ಕಲ್ಲಿನ ಮೇಲೆ, ಮುಖ್ಯವಾಗಿ ಫಿಲ್ಟರಿನ ಸ್ಪಾಂಜಲ್ಲಿ. ಹೊಸ ತೊಟ್ಟಿಯಲ್ಲಿ ಇವು ಪೂರ್ತಿ ನೆಲೆಯಾಗೋಕೆ ನಾಲ್ಕರಿಂದ ಆರು ವಾರ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಹಬ್ಬಕ್ಕೆ ಅಂತ ಗೋಡೆ ತಿಕ್ಕಿ, ಸ್ಪಾಂಜನ್ನ ನಲ್ಲಿ ಕೆಳಗೆ ಹಿಡಿದು ಬೆಳ್ಳಗೆ ಆಗೋ ತನಕ ಹಿಂಡಿದ್ರೆ, ಕ್ಲೋರಿನ್ ನೀರು ಆ ಬ್ಯಾಕ್ಟೀರಿಯಾವನ್ನ ತೊಳೆದು ಹಾಕುತ್ತೆ. ತೊಟ್ಟಿ ಫಳಫಳ ಹೊಳೆಯುತ್ತೆ, ಮೀನಿನ ಕೊಳಚೆ ಶುದ್ಧ ಮಾಡೋರು ಯಾರೂ ಇಲ್ಲ. ಸ್ಪಾಂಜ್ ತೊಳೀಬೇಕಾ, ತೊಟ್ಟಿಯದೇ ಒಂದು ಬಕೆಟ್ ನೀರಲ್ಲಿ ಎರಡು ಸಲ ಅದ್ದಿ ಹಿಂಡಿ, ಕಂದು ಬಣ್ಣ ಉಳಿದಿರಲಿ.

ಈಗ ಹೊರಗಿನದು. ಪೂರ್ವ ದೆಹಲಿಗೆ ನೀರು ಕೊಡೋ ದೊಡ್ಡ ಶುದ್ಧೀಕರಣ ಘಟಕಗಳು ಸೋನಿಯಾ ವಿಹಾರ್ ಮತ್ತು ಭಾಗೀರಥಿ. ಸೋನಿಯಾ ವಿಹಾರದ ಸಾಮರ್ಥ್ಯವೇ ದಿನಕ್ಕೆ 140 ಮಿಲಿಯನ್ ಗ್ಯಾಲನ್. ಎರಡಕ್ಕೂ ಮಾಮೂಲಿ ದಿನಗಳಲ್ಲಿ ಕಚ್ಚಾ ನೀರು ಬರೋದು ಯಮುನೆಯಿಂದ ಅಲ್ಲ, ಗಂಗೆಯಿಂದ. ಹರಿದ್ವಾರದಲ್ಲಿ ಹುಟ್ಟೋ ಮೇಲಿನ ಗಂಗಾ ಕಾಲುವೆ, 1854ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದದ್ದು, ಅದರಿಂದ ಮುರಾದ್‌ನಗರದ ಹತ್ತಿರ ನೀರು ತಗೊಂಡು ಪೈಪಲ್ಲಿ ಇಲ್ಲಿಗೆ ತರ್ತಾರೆ. ಯಮುನೆ ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿದೆ, ನಲ್ಲಿಯಲ್ಲಿ ಬರೋದು ಗಂಗೆ. ಇದು ಇಲ್ಲಿ ಹತ್ತು ವರ್ಷ ಇದ್ದೋರಿಗೂ ಗೊತ್ತಿರಲ್ಲ.

ಆ ಕಾಲುವೆಯನ್ನ ವರ್ಷಕ್ಕೊಮ್ಮೆ ಹೂಳೆತ್ತಿ ರಿಪೇರಿ ಮಾಡೋಕೆ ಮುಚ್ತಾರೆ. ಯಾವಾಗ? ಸಾಮಾನ್ಯವಾಗಿ ದಸರಾದಿಂದ ದೀಪಾವಳಿವರೆಗೆ. ಆ ಇಪ್ಪತ್ತು ದಿನ ಈ ಘಟಕಗಳು ವಜೀರಾಬಾದ್ ಬಳಿಯಿಂದ ಯಮುನೆಯ ನೀರನ್ನ ಬಳಸಬೇಕಾಗುತ್ತೆ. ಮಳೆಗಾಲ ಮುಗಿದು ನದಿ ಇಳಿದಿರುತ್ತೆ, ಮೇಲ್ಭಾಗದ ಪಟ್ಟಣಗಳ ಕೊಳಚೆ ಮತ್ತು ಕಾರ್ಖಾನೆ ನೀರು ತೆಳುವಾಗದೆ ಹಾಗೇ ಬರುತ್ತೆ, ಅಮೋನಿಯಾ ಏರುತ್ತೆ. ದೆಹಲಿಯ ಘಟಕಗಳು ನಿಭಾಯಿಸೋಕೆ ಆಗೋದು ಸುಮಾರು 1 ಪಿಪಿಎಂ ಅಮೋನಿಯಾದ ತನಕ ಅಂತ ಜಲ ಮಂಡಳಿಯೇ ಹೇಳ್ತಾ ಬಂದಿದೆ. ಚಳಿಗಾಲದಲ್ಲಿ ವಜೀರಾಬಾದ್‌ನಲ್ಲಿ 3 ಪಿಪಿಎಂ ದಾಟಿದ ದಿನಗಳೂ ಇವೆ, ಆಗ ಘಟಕಗಳನ್ನ ನಿಧಾನ ಮಾಡ್ತಾರೆ, ನೀರು ಕಡಿಮೆ ಬರುತ್ತೆ ಅಂತ ಪೇಪರಲ್ಲಿ ಓದ್ತೀವಲ್ಲ, ಅದೇ. (ಛಠ್ ಪೂಜೆ ಫೋಟೋಗಳಲ್ಲಿ ಕಾಣೋ ಬಿಳಿ ನೊರೆ ಬೇರೆ ಕತೆ. ಅದು ಊರಿನ ಕೊಳಚೆ ಎಲ್ಲ ಸೇರಿದ ಮೇಲೆ, ಓಖ್ಲಾ ಹತ್ತಿರ. ಕುಡಿಯೋ ನೀರು ತಗೊಳ್ಳೋದು ಅದಕ್ಕಿಂತ ಬಹಳ ಮೇಲೆ.)

ಅಮೋನಿಯಾ ಇರೋ ನೀರನ್ನ ಕುಡಿಯೋ ಹಾಗೆ ಮಾಡೋಕೆ ಕ್ಲೋರಿನ್ ಜಾಸ್ತಿ ಹಾಕ್ಬೇಕು. ಒಂದು ಪಾಲು ಅಮೋನಿಯಾಕ್ಕೆ ಎಂಟರಿಂದ ಹತ್ತು ಪಾಲು ಕ್ಲೋರಿನ್ ಬಿದ್ರೆ ಮಾತ್ರ ಅದು ಪೂರ್ತಿ ಒಡೆಯುತ್ತೆ. ಅಷ್ಟು ಬೀಳದಿದ್ರೆ ಎರಡೂ ಸೇರಿ ಕ್ಲೋರಮೈನ್ ಅನ್ನೋ ವಸ್ತು ಆಗುತ್ತೆ. ಮನುಷ್ಯರು ಕುಡಿಯೋ ನೀರಲ್ಲಿ ಕ್ಲೋರಿನ್ ಇರಲೇಬೇಕು, ಅದಿಲ್ಲದ ನೀರು ಕುಡಿದ್ರೆ ನಾವು ಮಲಗ್ತೀವಿ. ನಮ್ಮ ಹೊಟ್ಟೆಗೂ ಮೀನಿನ ಕಿವಿರಿಗೂ ಇರೋ ವ್ಯತ್ಯಾಸ ಇದು: ನಾವು ನೀರನ್ನ ಕುಡೀತೀವಿ, ಮೀನು ಅದರಲ್ಲಿ ಉಸಿರಾಡುತ್ತೆ.

ಮಾಮೂಲಿ ಕ್ಲೋರಿನ್ ಆದ್ರೆ ಬಕೆಟಲ್ಲಿ ಒಂದು ದಿನ ಬಿಟ್ಟು, ಏರ್ ಪಂಪ್ ಹಾಕಿದ್ರೆ ಹಾರಿ ಹೋಗುತ್ತೆ. ಅಜ್ಜಿ ಕಾಲದಿಂದ ಬಂದ ಈ ಉಪಾಯ ಬೆಂಗಳೂರಲ್ಲಿ ಕೆಲಸ ಮಾಡಿದೆ, ಇಲ್ಲೂ ವರ್ಷದ ಹೆಚ್ಚು ಭಾಗ ಮಾಡುತ್ತೆ. ಕ್ಲೋರಮೈನ್ ಹಾಗೆ ಹಾರಿ ಹೋಗಲ್ಲ, ದಿನಗಟ್ಟಲೆ ಉಳಿಯುತ್ತೆ. ಅಂಗಡಿಯಲ್ಲಿ ಸಿಗೋ ಆಂಟಿ ಕ್ಲೋರಿನ್ ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್. ಅದು ಕ್ಲೋರಮೈನನ್ನ ಒಡೆಯುತ್ತೆ, ಕ್ಲೋರಿನ್ ಭಾಗವನ್ನ ಮುಗಿಸುತ್ತೆ, ಅಮೋನಿಯಾ ಭಾಗವನ್ನ ತೊಟ್ಟಿಯಲ್ಲೇ ಬಿಡುತ್ತೆ. ಬಾಟಲಿ ಮೇಲೆ ಅಮೋನಿಯಾವನ್ನೂ ಹಿಡಿದಿಡುತ್ತೆ ಅಂತ ಬರೆದಿರೋ ಕಂಡೀಷನರ್ ಬೇರೆ ಇದೆ, ದುಬಾರಿ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಪೂರ್ವ ದೆಹಲಿಯಲ್ಲಿ ಅದಕ್ಕೆ ಕೊಡೋ ದುಡ್ಡು ದಂಡ ಅಲ್ಲ. ಪೈಪಿಂದ ನೇರ ತೊಟ್ಟಿಗೇ ನೀರು ಬಿಡೋದಾದ್ರೆ ಹೊಸ ನೀರಿನ ಲೆಕ್ಕಕ್ಕಲ್ಲ, ಇಡೀ ತೊಟ್ಟಿಯ ಲೆಕ್ಕಕ್ಕೆ ಡೋಸ್ ಹಾಕಿ, ನೀರು ಬಿಡೋಕೆ ಮುಂಚೆ ಹಾಕಿ.

ಅಂದ್ರೆ ಆ ವಾರ ನಡೆಯೋದು ಇಷ್ಟು: ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾವನ್ನ ನಾವೇ ತೊಳೆದಿರ್ತೀವಿ, ಅದೇ ವಾರ ನಲ್ಲಿ ನೀರಿನ ಮೂಲವೇ ಬದಲಾಗಿರುತ್ತೆ. ವರ್ಷವಿಡೀ ಮಾಡಿದ ಅದೇ ಕೆಲಸ ಈಗ ಮಾತ್ರ ಯಾಕೆ ಕೈಕೊಡ್ತು ಅನ್ನೋದಕ್ಕೆ ನನಗೆ ಕಾಣೋ ಉತ್ತರ ಇದು. ನಿಮ್ಮ ಮನೆಯಲ್ಲಿ ಇದೇ ಆಗಿದೆಯಾ ಅಂತ ನಂಬ್ಕೆ ಮೇಲೆ ತಗೋಬೇಡಿ, ಅಳೆದು ನೋಡಿ.

ಅಳೆಯೋದು ಏನನ್ನ?

ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ತಗೊಳ್ಳಿ. ಅಮೋನಿಯಾ, ನೈಟ್ರೈಟ್, ಪಿಎಚ್, ಕಾರ್ಬೊನೇಟ್ ಗಡಸುತನ, ಈ ನಾಲ್ಕು ಸಾಕು. ಬಹಳ ಜನ ತೊಟ್ಟಿ ನೀರು ಮಾತ್ರ ಟೆಸ್ಟ್ ಮಾಡ್ತಾರೆ. ನಲ್ಲಿ ನೀರನ್ನೂ ಮಾಡಿ. ದಸರಾಕ್ಕೆ ಮುಂಚೆ ಒಂದು ಸಲ, ಆಮೇಲೆ ವಾರಕ್ಕೊಂದು ಸಲ, ಒಂದು ಶೀಟಲ್ಲಿ ಬರೆದಿಡಿ. ನಾವೆಲ್ಲ ಡ್ಯಾಶ್‌ಬೋರ್ಡ್ ಮಾಡೋ ಜನ, ನಾಲ್ಕು ಕಾಲಂ ಕಷ್ಟ ಅಲ್ಲ. ಟಿಡಿಎಸ್ ಮೀಟರ್ ಒಂದಿದೆಯಲ್ಲ ಅಂತ ಕೇಳ್ತೀರಿ. ಆರ್‌ಓ ರಿಪೇರಿಯವನು ಬಂದಾಗೆಲ್ಲ ಹೊರಗೆ ತೆಗೆಯೋ ಆ ಪೆನ್ನು ಅಮೋನಿಯಾವನ್ನ ತೋರಿಸಲ್ಲ. ಕರಗಿದ ಲವಣ ಒಟ್ಟು ಎಷ್ಟು ಅಂತ ಹೇಳುತ್ತೆ ಅಷ್ಟೇ. ಟಿಡಿಎಸ್ 150 ಇರೋ ನೀರಲ್ಲೂ ಮೀನು ಸಾಯಬಹುದು, 800ರಲ್ಲೂ ಆರಾಮಾಗಿ ಇರಬಹುದು.

ಕಿಟ್ ತೋರಿಸೋದು ಒಟ್ಟು ಅಮೋನಿಯಾ. ಅದರಲ್ಲಿ ಎರಡು ರೂಪ ಇದೆ: ಅಮೋನಿಯಂ, ಇದು ಹೆಚ್ಚು ತೊಂದರೆ ಕೊಡಲ್ಲ, ಇನ್ನೊಂದು ಮುಕ್ತ ಅಮೋನಿಯಾ, ಕಿವಿರು ಸುಡೋದು ಇದು. ಯಾವುದು ಎಷ್ಟು ಅನ್ನೋದನ್ನ ತೀರ್ಮಾನ ಮಾಡೋದು ಪಿಎಚ್ ಮತ್ತು ತಾಪಮಾನ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ರೆ ಒಟ್ಟು ಅಮೋನಿಯಾದ ನೂರಕ್ಕೆ 0.6ರಷ್ಟು ಮಾತ್ರ ಮುಕ್ತ ರೂಪ. ಪಿಎಚ್ 8 ಆದ್ರೆ ನೂರಕ್ಕೆ 5ಕ್ಕಿಂತ ಸ್ವಲ್ಪ ಹೆಚ್ಚು. ಪಿಎಚ್ 9 ಆದ್ರೆ 36. ಅಂದ್ರೆ ಒಂದೇ ಒಂದು ಪಿಎಚ್ ಏರಿದ್ರೆ ವಿಷ ಹತ್ತು ಪಟ್ಟಿನ ಹತ್ತಿರ. ತೊಟ್ಟಿಯಲ್ಲಿ 1 ಪಿಪಿಎಂ ಇದೆ ಅಂದ್ಕೊಳ್ಳಿ. ಪಿಎಚ್ 7ರಲ್ಲಿ ಮುಕ್ತ ಅಮೋನಿಯಾ 0.006, ಮೀನಿಗೆ ಸುಳಿವೂ ಸಿಗಲ್ಲ. ಪಿಎಚ್ 8ರಲ್ಲಿ 0.054, ಕಿವಿರು ಕೆಡೋಕೆ ಶುರುವಾಗೋ ಮಟ್ಟ. ಹಸಿರು ಪಾಚಿ ತುಂಬಿದ ತೊಟ್ಟಿಯಲ್ಲಿ ಬಿಸಿಲಿನ ಮಧ್ಯಾಹ್ನ ಪಿಎಚ್ 9 ಮುಟ್ಟೋದು ಅಪರೂಪ ಅಲ್ಲ. ಬೆಳಗ್ಗೆ ಟೆಸ್ಟ್ ಮಾಡಿ ಸರಿ ಇದೆ ಅಂತ ಆಫೀಸಿಗೆ ಹೋದೋರಿಗೆ ಸಂಜೆ ಮೀನು ಸತ್ತಿರೋದು ಹೀಗೆ. ತಣ್ಣಗಿದ್ರೆ ಸ್ವಲ್ಪ ರಿಯಾಯಿತಿ: 15 ಡಿಗ್ರಿ, ಪಿಎಚ್ 8ರಲ್ಲಿ ನೂರಕ್ಕೆ 2.7 ಅಷ್ಟೇ.

ಈ ಲೆಕ್ಕ ಅರ್ಥ ಆದ್ರೆ ಇನ್ನೊಂದು ಒಗಟೂ ಬಿಡುತ್ತೆ. ಕೆಲವರು ಬೋರ್ ನೀರು ಗಡಸು ಅಂತ ತೊಟ್ಟಿಗೆ ಆರ್‌ಓ ನೀರು ತುಂಬಿಸ್ತಾರೆ. ಒಳ್ಳೆ ನೀರು ಕೊಟ್ಟೆ ಅನ್ನೋ ಸಮಾಧಾನ. ಆದ್ರೆ ಆರ್‌ಓ ಕಾರ್ಬೊನೇಟನ್ನ ತೆಗೆದು ಹಾಕಿರುತ್ತೆ. ಬ್ಯಾಕ್ಟೀರಿಯಾ ಒಂದು ಪಾಲು ಅಮೋನಿಯಾ ಸಾರಜನಕವನ್ನ ಮುಗಿಸೋಕೆ ಸುಮಾರು ಏಳು ಪಾಲು ಕಾರ್ಬೊನೇಟ್ ಕ್ಷಾರತೆ ತಿನ್ನುತ್ತೆ. ನೀರಲ್ಲಿ ಅದು ಮುಗಿದ ದಿನ ಪಿಎಚ್ ಜಾರೋಕೆ ಶುರು, 6ರ ಹತ್ತಿರ ಬಂದ್ರೆ ಬ್ಯಾಕ್ಟೀರಿಯಾ ಕೆಲಸ ಹೆಚ್ಚುಕಮ್ಮಿ ನಿಲ್ಲಿಸ್ತವೆ. ಅಮೋನಿಯಾ ಸೇರ್ತಾ ಹೋಗುತ್ತೆ, ಪಿಎಚ್ ಕಡಿಮೆ ಇರೋದ್ರಿಂದ ಅಮೋನಿಯಂ ರೂಪದಲ್ಲಿ ಸುಮ್ಮನಿರುತ್ತೆ. ಮೀನು ಮಂಕಾಗಿರುತ್ತೆ, ಸಾಯಲ್ಲ. ಇದನ್ನ ನೋಡಿ ನೀವು ಒಂದು ಭಾನುವಾರ ಗಾಬರಿಯಿಂದ ಮುಕ್ಕಾಲು ತೊಟ್ಟಿ ಖಾಲಿ ಮಾಡಿ ಪಿಎಚ್ 8ರ ಬೋರ್ ನೀರು ಬಿಡ್ತೀರಿ. ಉಳಿದ ಕಾಲು ಭಾಗದಲ್ಲಿದ್ದ ಅಮೋನಿಯಂನ ಒಂದು ಪಾಲು ಕೂಡಲೇ ವಿಷದ ರೂಪಕ್ಕೆ ತಿರುಗುತ್ತೆ. ಹೊಸ ನೀರು ಕೊಂದಿತು ಅಂತ ಕಾಣುತ್ತೆ, ಕೊಂದಿದ್ದು ಹಳೇ ಸಾಲ.

ಅದಕ್ಕೇ ಪಿಎಚ್ 6ರ ಹತ್ತಿರ ಇದ್ದು, ಅಮೋನಿಯಾ 2ರ ಮೇಲಿದ್ರೆ ದಿನಕ್ಕೆ ಹತ್ತರಿಂದ ಹದಿನೈದು ಶೇಕಡಾ ನೀರು ಮಾತ್ರ ಬದಲಿಸಿ, ಒಂದು ವಾರ ಮುಂದುವರಿಸಿ. ಅಮೋನಿಯಾ ಇಳಿದ ಮೇಲೆ ಕ್ಷಾರತೆ ಏರಿಸಿ. ಅಡುಗೆ ಸೋಡಾ ಸಾಕು: 500 ಲೀಟರಿಗೆ 15 ಗ್ರಾಂ ಹಾಕಿದ್ರೆ ಕ್ಷಾರತೆ 18 ಪಿಪಿಎಂ ಏರುತ್ತೆ. ದಿನಕ್ಕೆ ಅಷ್ಟೇ ಹಾಕಿ, 80ರಿಂದ 100 ಪಿಪಿಎಂ ತಲುಪೋ ತನಕ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನ ಹಾಕ್ಬೇಡಿ. ಆರ್‌ಓ ಹೊರಗೆ ಬಿಡೋ ನೀರನ್ನ ದಂಡ ಮಾಡಬಾರದು ಅಂತ ತೊಟ್ಟಿಗೆ ಸುರಿಯೋರಿದ್ದಾರೆ. ಅದರಲ್ಲಿ ಬೇಡವಾದದ್ದೆಲ್ಲ ಗಟ್ಟಿಯಾಗಿ ಸೇರಿರುತ್ತೆ, ನೆಲ ಒರೆಸೋಕೆ ಇಟ್ಕೊಳ್ಳಿ.

ಮೀನು ಮೇಲೆ ಬಂದು ಬಾಯಿ ಬಿಡ್ತಿದೆ, ಈಗ ಏನ್ ಮಾಡ್ಲಿ?

ಯಾವ ಹೊತ್ತಲ್ಲಿ ಅನ್ನೋದನ್ನ ಗಮನಿಸಿ. ಬೆಳಗಿನ ಜಾವ ಒದ್ದಾಡಿ, ಬಿಸಿಲು ಬಂದ ಮೇಲೆ ಹತ್ತು ಗಂಟೆಗೆ ಸರಿ ಹೋದ್ರೆ ಆಮ್ಲಜನಕದ ಕೊರತೆ. ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತೆ, ಸೂರ್ಯ ಹುಟ್ಟೋಕೆ ಮುಂಚೆ ನೀರು ಬರಿದಾಗಿರುತ್ತೆ. ನೀರು ಬದಲಿಸಿದ ಒಂದೆರಡು ಗಂಟೆಯಲ್ಲೇ ಶುರುವಾದ್ರೆ ಕ್ಲೋರಿನ್ ಕಡೆ ನೋಡಿ. ಹಗಲು ರಾತ್ರಿ ಒಂದೇ ಥರ ಇದ್ದು, ಕಿವಿರು ಕೆಂಪು ಬಿಟ್ಟು ಕಾಫಿ ಬಣ್ಣಕ್ಕೆ ತಿರುಗಿದ್ರೆ ನೈಟ್ರೈಟ್. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನ ಆಮ್ಲಜನಕ ಹೊರಲಾಗದ ರೂಪಕ್ಕೆ ಬದಲಿಸುತ್ತೆ. ನೀರಲ್ಲಿ ಗಾಳಿ ಸಾಕಷ್ಟಿದ್ರೂ ಮೀನಿಗೆ ಉಸಿರು ಕಟ್ಟುತ್ತೆ.

ಯಾವುದೇ ಆಗಲಿ, ಮೊದಲು ಏರ್ ಪಂಪ್ ಜೋರು ಮಾಡಿ, ಊಟ ನಿಲ್ಲಿಸಿ, ಕಂಡೀಷನರ್ ಹಾಕಿ. ಆರೋಗ್ಯವಾಗಿದ್ದ ಗೋಲ್ಡ್‌ಫಿಶ್ ನಾಲ್ಕೈದು ದಿನ ಉಪವಾಸ ಇದ್ರೆ ಏನೂ ಆಗಲ್ಲ, ಊಟ ಹಾಕಿದ್ರೆ ಅಮೋನಿಯಾ ಖಂಡಿತ ಏರುತ್ತೆ. ಹಸಿದಿದೆ ಪಾಪ ಅಂತ ಅಮ್ಮಂದಿರು ಕದ್ದು ಕಾಳು ಹಾಕ್ತಾರೆ, ಅವರಿಗೆ ಮೊದಲೇ ಹೇಳಿಡಿ. ಆಮೇಲೆ ಪಿಎಚ್ ನೋಡ್ಕೊಂಡು, 20ರಿಂದ 25 ಶೇಕಡಾ ನೀರು, ಒಂದು ದಿನ ಮೊದಲೇ ಬಕೆಟ್ ಡ್ರಮ್ಮಲ್ಲಿ ಸಿದ್ಧ ಮಾಡಿ ಇಟ್ಟದ್ದು, ಅದನ್ನ ಬದಲಿಸಿ. ಜೂನ್‌ನಲ್ಲಿ ಟೆರೇಸ್ ಟ್ಯಾಂಕಿನ ನೀರು ಕೈ ಸುಡೋ ಹಾಗಿರುತ್ತೆ, ಅದನ್ನ ನೇರ ಬಿಡೋದು ಸಾಂಬಾರು ಮಾಡಿದ ಹಾಗೆ.

ಉಪ್ಪು ನನ್ನ ಪ್ರಕಾರ ಬಡವರ ಔಷಧಿ, ಆದ್ರೆ ತೂಕ ಹಾಕಿ ಬಳಸಬೇಕು. ನೈಟ್ರೈಟ್ ಇದ್ರೆ ಲೀಟರಿಗೆ 1 ಗ್ರಾಂ ಸಾಕು. ಉಪ್ಪಿನ ಕ್ಲೋರೈಡು ಕಿವಿರಿನ ಬಾಗಿಲಲ್ಲಿ ಮೊದಲೇ ನಿಂತ್ಕೊಂಡು ನೈಟ್ರೈಟನ್ನ ಒಳಗೆ ಬಿಡಲ್ಲ. ನೀರು ಸರಿ ಮಾಡೋ ತನಕ ಮೀನಿನ ಜೀವ ಉಳಿಸೋಕೆ ಇದಕ್ಕಿಂತ ಬೇಗ ಆಗೋ ಕೆಲಸ ಇಲ್ಲ. ಹುಳ, ಲೋಳೆ, ಗಾಯ ಇದ್ರೆ ಗೋಲ್ಡ್‌ಫಿಶ್, ಕೊಯ್ ಮೀನಿಗೆ ಲೀಟರಿಗೆ 3 ಗ್ರಾಂ. 500 ಲೀಟರಿಗೆ ಒಟ್ಟು ಒಂದೂವರೆ ಕಿಲೋ, ಮೂರು ದಿನದಲ್ಲಿ ಅರ್ಧರ್ಧ ಕಿಲೋ, ಬಕೆಟಲ್ಲಿ ಕರಗಿಸಿ. ಕಲ್ಲುಪ್ಪು ಒಳ್ಳೇದು, ಅಯೋಡಿನ್ ಉಪ್ಪು ಹಾಕಿದ್ರೆ ಮೀನು ಸಾಯುತ್ತೆ ಅನ್ನೋದು ಬರೀ ಹೆದರಿಕೆ. ನೀರು ಆವಿಯಾದ್ರೂ ಉಪ್ಪು ಹೋಗಲ್ಲ, ಹಾಗಾಗಿ ಬರೀ ನೀರು ತುಂಬಿಸಿದಾಗ ಮತ್ತೆ ಉಪ್ಪು ಹಾಕ್ಬೇಡಿ. ತಾವರೆ ಕುಂಡ ಮೊದಲೇ ಹೊರಗೆ ತೆಗೆದಿಡಿ. ಇನ್ನೊಂದು: ಅಮೋನಿಯಾ ಹೀರೋಕೆ ಅಂತ ಫಿಲ್ಟರಲ್ಲಿ ಜಿಯೋಲೈಟ್ ಕಲ್ಲು ಇಟ್ಟಿದ್ರೆ ಉಪ್ಪು ಹಾಕೋಕೆ ಮುಂಚೆ ಅದನ್ನ ತೆಗೀರಿ. ಉಪ್ಪು ಸೋಕಿದ್ರೆ ಅದು ಹಿಡಿದಿಟ್ಟ ಅಮೋನಿಯಾವನ್ನ ವಾಪಸ್ ನೀರಿಗೆ ಬಿಡುತ್ತೆ.

ನೀರು ನಾಲ್ಕು ಟೆಸ್ಟಲ್ಲೂ ಪಾಸಾಗಿ, ಆದ್ರೂ ಒಂದೊಂದೇ ಮೀನು ಕೆಡ್ತಿದ್ರೆ ಆಗ ರೋಗ. ಮೈಮೇಲೆ ಚಿರೋಟಿ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಕಂಡ್ರೆ ಅದು ಬಿಳಿ ಚುಕ್ಕಿ ರೋಗ, ಇಕ್ ಅಂತಾರೆ. ಚುಕ್ಕಿಯೊಳಗೆ ಚರ್ಮದಡಿ ಕೂತ ಪರಾವಲಂಬಿಯನ್ನ ಯಾವ ಔಷಧಿಯೂ ಮುಟ್ಟಲ್ಲ. ಅದು ಬೆಳೆದು ಉದುರಿ, ತಳದಲ್ಲಿ ನೂರಾರು ಮರಿಯಾಗಿ, ಹೊಸ ಮೀನು ಹುಡುಕ್ತಾ ಈಜೋ ಹೊತ್ತಲ್ಲಿ ಮಾತ್ರ ಸಾಯುತ್ತೆ. ಈ ಸುತ್ತು 25 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಯುತ್ತೆ, 10 ಡಿಗ್ರಿಯಲ್ಲಿ ತಿಂಗಳಿಗೂ ಮೇಲೆ. ಅದಕ್ಕೇ ದೆಹಲಿಯ ಜನವರಿಯಲ್ಲಿ ಮೂರು ದಿನ ಔಷಧಿ ಹಾಕಿ ಚುಕ್ಕಿ ಮಾಯವಾಯ್ತು ಅಂತ ನಿಲ್ಲಿಸಿದ್ರೆ ಮೂರು ವಾರ ಬಿಟ್ಟು ಇಮ್ಮಡಿ ಬರುತ್ತೆ. ಫೆಬ್ರವರಿ ಮಾರ್ಚಲ್ಲಿ ಕಿವಿರಿನ ಮುಚ್ಚಳ ಮತ್ತು ಎದೆ ರೆಕ್ಕೆಯ ಮುಂದಿನ ಕಡ್ಡಿ ಮೇಲೆ ಮಾತ್ರ ಸಾಲಾಗಿ ಚುಕ್ಕಿ ಕಂಡ್ರೆ ಗಾಬರಿ ಬೇಡ. ಅದು ಗಂಡು ಗೋಲ್ಡ್‌ಫಿಶ್, ಮದುವೆಗೆ ಸಿದ್ಧ ಆಗಿದೆ.

ಹತ್ತಿ ಅಂಟಿದ ಹಾಗೆ ಕಂಡ್ರೆ ಶಿಲೀಂಧ್ರ. ಅದು ಸಾಮಾನ್ಯವಾಗಿ ಸತ್ತ ಚರ್ಮದ ಮೇಲೇ ಬೆಳೆಯೋದು, ಅಂದ್ರೆ ಅದಕ್ಕೆ ಮುಂಚೆ ಗಾಯ ಆಗಿದೆ, ಗಾಯ ಯಾಕಾಯ್ತು ಅಂತ ಹುಡುಕಿ. ಹೊಟ್ಟೆ ಊದಿ ಹುರುಪೆಗಳೆಲ್ಲ ಹಲಸಿನ ಮುಳ್ಳಿನ ಹಾಗೆ ನಿಮಿರಿದ್ರೆ ಒಳಗಿನ ಅಂಗಗಳೇ ಸೋತಿವೆ, ಉಳಿಯೋದು ಕಷ್ಟ. ಅದನ್ನ ಬೇರೆ ಟಬ್ಬಿಗೆ ಹಾಕಿ, ಮಕ್ಕಳಿಗೆ ನಿಜ ಹೇಳಿ.

ಈಗ ಆ ನೀಲಿ ಬಾಟಲಿ. ಅದು ಮೆಥಿಲೀನ್ ಬ್ಲೂ. ಬೇರೆ ಟಬ್ಬಲ್ಲಿ, ಶಿಲೀಂಧ್ರಕ್ಕೆ ಉಪಯೋಗ ಇದೆ. ಇಡೀ ತೊಟ್ಟಿಗೆ ಸುರಿದ್ರೆ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಏಟು, ಅಂದ್ರೆ ಅಮೋನಿಯಾದಿಂದ ನರಳೋ ಮೀನಿಗೆ ಇನ್ನಷ್ಟು ಅಮೋನಿಯಾ. ಮೆಡಿಕಲ್ ಶಾಪಿನ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕೋದು ಇಲ್ಲಿ ಬಹಳ ಚಾಲ್ತಿಯಲ್ಲಿದೆ. ಗಡಸು ನೀರಿನ ಕ್ಯಾಲ್ಸಿಯಂ ಆ ಔಷಧಿಯನ್ನ ಕಟ್ಟಿಹಾಕುತ್ತೆ, ಮೀನಿಗೆ ತಲುಪೋದು ಅತ್ಯಲ್ಪ. ಉಳಿದದ್ದು ಮೋರಿಗೆ ಹೋಗಿ, ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಸುತ್ತೆ. ಪೊಟ್ಯಾಷಿಯಂ ಪರ್ಮಾಂಗನೇಟ್ ಒಳ್ಳೆ ಔಷಧಿಯೇ, ಆದ್ರೆ ಲೀಟರಿಗೆ 2 ಮಿಲಿಗ್ರಾಂ, ಅಂದ್ರೆ 500 ಲೀಟರಿಗೆ ಬರೀ 1 ಗ್ರಾಂ. ಚಿನ್ನದಂಗಡಿಯವರ ಥರದ ಚಿಕ್ಕ ತಕ್ಕಡಿ ಇಲ್ಲದೆ ಚಿಟಿಕೆ ಲೆಕ್ಕದಲ್ಲಿ ಅದನ್ನ ಮುಟ್ಟಬೇಡಿ.

ಊರಿಂದ ಫೋನ್ ಬಂದ್ರೆ

ಈ ಚಾನೆಲ್ ನೋಡೋರಲ್ಲಿ ಸುಮಾರು ಜನರ ಅಪ್ಪಂದಿರು ಊರಲ್ಲಿ ಕೃಷಿ ಹೊಂಡ ತೋಡಿಸಿ ಕಾಟ್ಲಾ, ರೋಹು ಬಿಟ್ಟಿದ್ದಾರೆ. ಅಲ್ಲಿಂದ ಬರೋ ಫೋನಲ್ಲಿ ಸಾಮಾನ್ಯವಾಗಿ ಒಂದೇ ಮಾತು, ಬೆಳಗ್ಗೆ ಮೀನೆಲ್ಲ ಮೇಲೆ ಬಂದವೆ ಕಣಪ್ಪ. ಮೇಲೆ ಹೇಳಿದ ಬೆಳಗಿನ ಜಾವದ ಲೆಕ್ಕ ಅಲ್ಲಿಗೂ ಸರಿ. ಪ್ಲಾಸ್ಟಿಕ್ ಹಾಸಿದ ಆಳದ ಹೊಂಡ, ಹರಿವಿಲ್ಲ, ಹಸಿರುಗಟ್ಟಿದ ನೀರು, ಎರಡು ದಿನ ಮೋಡ ಮುಸುಕಿದ್ರೆ ಪಾಚಿ ಆಮ್ಲಜನಕ ಮಾಡಲ್ಲ, ಉಸಿರಾಡೋದನ್ನೂ ಬಿಡಲ್ಲ. 2016ರ ಮಾರ್ಚಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಒಟ್ಟಿಗೆ ತೇಲಿದ್ದು ನೆನಪಿರಬಹುದು. ಕೊಳಚೆ ಸೇರಿದ ನೀರಲ್ಲಿ ಆಮ್ಲಜನಕ ಮುಗಿದ್ರೆ ಕೆರೆಗೂ ಹೊಂಡಕ್ಕೂ ಒಂದೇ ಗತಿ. ಅಪ್ಪನಿಗೆ ಹೇಳೋದಿಷ್ಟು: ಇವತ್ತು ತೌಡು, ಹಿಂಡಿ ಹಾಕ್ಬೇಡಿ, ಪಂಪ್ ಹಾಕಿ ಹೊಂಡದ್ದೇ ನೀರನ್ನ ಎತ್ತರದಿಂದ ಹೊಂಡಕ್ಕೇ ಚಿಮ್ಮಿಸಿ, ರಾತ್ರಿ ಎರಡರಿಂದ ಬೆಳಗಾಗೋ ತನಕ. ಕರೆಂಟ್ ಆ ಹೊತ್ತಲ್ಲೇ ಕೊಡ್ತಾರೆ ಹೇಗೂ. ನೀರು ಹಸಿರಾಗಿದ್ದಾಗ ಸುಟ್ಟ ಸುಣ್ಣ ಸುರಿಯೋದು ಬೇಡ, ಪಿಎಚ್ ಹಾರಿ ಅಮೋನಿಯಾ ವಿಷವಾಗುತ್ತೆ. ಮೈಮೇಲೆ ಕೆಂಪು ಹುಣ್ಣು ಬಿದ್ದಿದ್ರೆ ಅದು ಬೇರೆ. 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತಕ್ಕೆ ಬಂದ ಹುಣ್ಣು ರೋಗ ಅದಾಗಿರಬಹುದು. ಅದಕ್ಕೆ ಭುವನೇಶ್ವರದ ಸಿಹಿನೀರು ಮೀನುಗಾರಿಕೆ ಸಂಸ್ಥೆ ಮಾಡಿದ ಸಿಫಾಕ್ಸ್ ಅನ್ನೋ ಔಷಧಿ ಇದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ಒಂದು ಮೀನು ತೋರಿಸಿಯೇ ಹಾಕಿಸಿ. ನಾವಿಲ್ಲಿ ಅಲಂಕಾರಿಕ ಮೀನಿಗೆ ಬಳಸೋ ಮ್ಯಾಲಕೈಟ್ ಗ್ರೀನ್ ಅನ್ನೋ ಹಸಿರು ಔಷಧಿಯನ್ನ ಮಾತ್ರ ತಿನ್ನೋ ಮೀನಿನ ಹತ್ತಿರ ಒಯ್ಯಲೇಬಾರದು. ಅದು ಮಾಂಸದಲ್ಲಿ ಉಳಿಯುತ್ತೆ, ತಿನ್ನೋ ಮೀನಿಗೆ ಅದು ನಿಷಿದ್ಧ.

ವಾಪಸ್ ಟೆರೇಸಿಗೆ. ಈ ವರ್ಷ ನೀರು ತುಂಬೋ ಹಬ್ಬಕ್ಕೆ ತೊಟ್ಟಿಯನ್ನೂ ಚೊಕ್ಕ ಮಾಡ್ಲೇಬೇಕು ಅನ್ನೋದಾದ್ರೆ ದಸರಾಕ್ಕೆ ಒಂದು ವಾರ ಮೊದಲೇ ಮಾಡಿ ಮುಗಿಸಿ, ಕಾಲುವೆ ನೀರು ಇನ್ನೂ ಬರ್ತಿರೋವಾಗ. ಕಾಲು ಭಾಗ ನೀರು, ಅರ್ಧ ಸ್ಪಾಂಜ್, ಅಷ್ಟೇ. ಕಾಲುವೆ ಮುಚ್ಚೋ ದಿನಾಂಕ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತೆ. ಆಮೇಲಿನ ಮೂರು ವಾರ ಆವಿಯಾದಷ್ಟು ನೀರು ಮಾತ್ರ ಸೇರಿಸಿ, ಅದನ್ನೂ ಟೆಸ್ಟ್ ಮಾಡಿ. ಊಟ ಅರ್ಧಕ್ಕೆ ಇಳಿಸಿ. ಡಿಸೆಂಬರಲ್ಲಿ ನೀರು 15ಕ್ಕಿಂತ ಕೆಳಗೆ ಹೋದಾಗ ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ, 10ಕ್ಕಿಂತ ಕೆಳಗೆ ಹೋದ್ರೆ ಏನೂ ಬೇಡ. ಹಬ್ಬಕ್ಕೆ ಅಂತ ಹೊಸ ಮೀನು ತಂದ್ರೆ ಮೂರು ವಾರ ಬೇರೆ ಟಬ್ಬಲ್ಲಿ ಇಟ್ಟು ಆಮೇಲೆ ಬಿಡಿ.

ಸಾಕೋಕೆ ಆಗದಿದ್ರೆ, ಖಾಯಿಲೆ ಬಿದ್ರೆ, ಪುಣ್ಯ ಬರುತ್ತೆ ಅಂತ ಮೀನನ್ನ ಯಮುನೆಗೋ ತ್ರಿಲೋಕಪುರಿಯ ಸಂಜಯ್ ಕೆರೆಗೋ ಬಿಡಬೇಡಿ. ರೋಗ ಅಲ್ಲಿನ ಮೀನಿಗೆ ಹೋಗುತ್ತೆ. ಟೆರೇಸಲ್ಲೇ ಇನ್ನೊಂದು ಟಬ್ ಇಡಿ, ಇಲ್ಲಾಂದ್ರೆ ಸಾಕೋರಿಗೆ ಕೊಡಿ. ನಿಮ್ಮ ನಲ್ಲಿಯ ಅಮೋನಿಯಾ ಅಂಕಿ, ದಿನಾಂಕ, ಏರಿಯಾ ಹೆಸರು ಬರೆದು ಕಳಿಸಿ. ಲಕ್ಷ್ಮೀ ನಗರ, ಮಯೂರ್ ವಿಹಾರ್, ಇಂದಿರಾಪುರಂ, ನೋಯ್ಡಾ, ಎಲ್ಲಾ ಕಡೆಯದ್ದು ಸಿಕ್ಕಿದ್ರೆ ಮುಂದಿನ ವಿಡಿಯೋದಲ್ಲಿ ಒಂದೇ ಗ್ರಾಫಲ್ಲಿ ಹಾಕಿ ತೋರಿಸ್ತೀನಿ.